ಮೈಕ್ ಚಾಲೂ ಇತ್ತು: ಭಕ್ತರ ಬಾಯಲ್ಲಿ ಹಗುರ ಬೈಗುಳ, ಒಂದು ಪ್ರಕರಣ ಅಧ್ಯಯನ

(ಸಭೆಯ ಹಾಗೂ ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಯಾರ ಹೆಸರನ್ನೂ ಬಳಸಿಲ್ಲ.)

ಹಿನ್ನೆಲೆ

ಇದು ಮಧ್ಯಮ ಗಾತ್ರದ ಒಂದು ಕ್ರೈಸ್ತ ಸಭೆಯಲ್ಲಿ ನಡೆದದ್ದು. ಯುವಜನ ಕೂಟವನ್ನು ನಡೆಸುತ್ತಿದ್ದವನು ಮೂವತ್ತರ ಆಸುಪಾಸಿನ ಒಬ್ಬ ಯುವಕ. ಹೊಟ್ಟೆಪಾಡಿಗೆ ಆಂಬುಲೆನ್ಸ್‌ನಲ್ಲಿ ಸಹಾಯಕನ ಕೆಲಸ. ಆರಾಧನೆಯ ದಿನ ಧ್ವನಿವರ್ಧಕದ ಉಸ್ತುವಾರಿಯೂ ಅವನದೇ. ಸಭೆಯ ಹಿರಿಯರ ಮಂಡಳಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದರು. ಮಾತಿನಲ್ಲಿ ಶಿಸ್ತು, ಉಡುಪಿನಲ್ಲಿ ಶಿಸ್ತು, ಸಮಯಕ್ಕೆ ಸರಿಯಾಗಿ ಮೊದಲ ಸಾಲಿನಲ್ಲಿ ಹಾಜರು. ಇವರಿಬ್ಬರ ನಡುವೆ ಅದುವರೆಗೆ ಯಾವ ಜಗಳವೂ ಇರಲಿಲ್ಲ. ಯುವಕ ಬಾಲಕನಾಗಿದ್ದಾಗ ಅವನಿಗೆ ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದ್ದವರೇ ಅವರು.

ಒಂದು ಭಾನುವಾರ ಆರಾಧನೆ ಆರಂಭವಾಗುವ ಹೊತ್ತಿಗೆ ಧ್ವನಿಪೆಟ್ಟಿಗೆ ಕೈಕೊಟ್ಟಿತು. ಯುವಕ ತಂತಿಗಳ ನಡುವೆ ತಲೆ ಹುದುಗಿಸಿ ಏನೇನೋ ಎಳೆದು, ಜೋಡಿಸಿ, ಕೊನೆಗೆ ರೋಸಿಹೋಗಿ, "ಥೂ, ಹಾಳಾದ್ದು! ದರಿದ್ರ ಪೆಟ್ಟಿಗೆ, ಇವತ್ತೇ ಸಾಯಬೇಕಾಗಿತ್ತೇ ನೀನು?" ಎಂದ. ಅಷ್ಟರಲ್ಲಿ ಪೆಟ್ಟಿಗೆ ಸರಿಯಾಗಿತ್ತು. ಕತ್ತಿನ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಮೈಕ್ ಆ ಮಾತನ್ನು ಅಕ್ಷರವೂ ತಪ್ಪದಂತೆ ಸಭೆಗೆಲ್ಲ ಕೇಳಿಸಿತು. ಮಕ್ಕಳು ಕಿಸಕ್ಕೆಂದರು. ದೊಡ್ಡವರಲ್ಲಿ ಕೆಲವರು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಹಿರಿಯರು ನಗಲಿಲ್ಲ.

ಸಮಸ್ಯೆ

ಮರುದಿನವೇ ಅವರು ಮಂಡಳಿಗೆ ಒಂದು ಪತ್ರ ಬರೆದರು. ಯುವಕನನ್ನು ಕೂಟದ ನಾಯಕತ್ವದಿಂದ ಇಳಿಸಬೇಕು ಎಂಬುದು ಒತ್ತಾಯ. ಆಧಾರವಾಗಿ ಕೊಟ್ಟದ್ದು ಸತ್ಯವೇದದ, ಅಂದರೆ ಬೈಬಲಿನ, ಎರಡು ವಾಕ್ಯಭಾಗಗಳು. ಒಂದು, ಬಾಯಿಂದ ಯಾವ ಕೆಟ್ಟ ಮಾತೂ ಹೊರಡಬಾರದು, ಕೇಳುವವರಿಗೆ ಹಿತವಾಗುವ ಮಾತೇ ಹೊರಡಬೇಕು ಎನ್ನುವ ಎಫೆಸದವರಿಗೆ 4:29. ಇನ್ನೊಂದು, ಒಂದೇ ಬಾಯಿಂದ ಸ್ತುತಿಯೂ ಶಾಪವೂ ಬರುವುದು ಸರಿಯಲ್ಲ ಎನ್ನುವ ಯಾಕೋಬ 3:10.

ಸಭಾಪಾಲಕರು, ಸಭೆಯವರ ಬಾಯಲ್ಲಿ 'ಅಯ್ಯನವರು', ಇಬ್ಬರನ್ನೂ ಕರೆಸಿದರು. ಯುವಕ ಅಂದೇ ಕ್ಷಮೆ ಕೇಳಿದ. ಆದರೆ ಹೊರಡುವ ಮುನ್ನ ಒಂದು ಮಾತು ಸೇರಿಸಿದ: "ಸಭೆಗೆ ಮುಜುಗರವಾಯಿತು, ಅದಕ್ಕೆ ಕ್ಷಮೆ ಕೇಳುತ್ತೇನೆ ಸರ್. ಪಾಪ ಮಾಡಿದೆ ಎಂದು ಒಪ್ಪಿಕೊಳ್ಳಲು ಮಾತ್ರ ಆಗುವುದಿಲ್ಲ. ನಾನು ಯಾರಿಗೂ ಬೈಯಲಿಲ್ಲ, ಪೆಟ್ಟಿಗೆಗೆ ಬೈದೆ."

ಹಿರಿಯರ ಉತ್ತರ ಚಿಕ್ಕದು. "ಬಾಯಿ ಒಂದೇ ಅಲ್ಲವೇನಪ್ಪಾ?"

ಇಲ್ಲಿಗೆ ಮುಗಿಯಬಹುದಾಗಿದ್ದ ಸಂಗತಿ ಬೆಳೆದದ್ದು ಏಕೆ ಎಂದು ನೋಡಿದರೆ, ಮೂರು ಬೇರೆ ಬೇರೆ ಪ್ರಶ್ನೆಗಳು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿದ್ದವು. ಆ ಪದಗಳನ್ನು ಆಡುವುದೇ ಪಾಪವೇ? ಪಾಪವಲ್ಲದಿದ್ದರೂ ಆರಾಧನೆಯ ಜಾಗದಲ್ಲಿ ಅವು ಅನುಚಿತವೇ? ಅನುಚಿತವಾದರೆ, ಆಡಿದವನು ಮುಂದೆ ನಿಂತು ಕಲಿಸಬಹುದೇ? ಹಿರಿಯರು ಮೂರನೆಯದರಿಂದ ಆರಂಭಿಸಿ ಮೊದಲನೆಯದಕ್ಕೆ ಹಾರಿದ್ದರು. ಯುವಕ ಮೊದಲನೆಯದಕ್ಕೆ ಉತ್ತರ ಕೊಟ್ಟು ಉಳಿದೆರಡೂ ತೀರಿತೆಂದುಕೊಂಡಿದ್ದ. ಇಬ್ಬರೂ ತಮ್ಮ ತಮ್ಮ ಪ್ರಶ್ನೆಯ ಮಟ್ಟಿಗೆ ಸರಿಯಾಗಿಯೇ ಮಾತನಾಡುತ್ತಿದ್ದರು.

ಮೊದಲ ಯತ್ನ: ಪಟ್ಟಿ

ಮಂಡಳಿ ರಾಜಿಯ ದಾರಿ ಎಂದುಕೊಂಡು ಒಂದು ಪಟ್ಟಿ ಮಾಡಿತು. ಸಭೆಯ ಸೇವೆಯಲ್ಲಿರುವವರು ಆಡಬಾರದ ಪದಗಳ ಪಟ್ಟಿ. ಹಾಳಾದ್ದು, ದರಿದ್ರ, ಶನಿ, ಸುಡುಗಾಡು, ಕತ್ತೆ, ಮುಠ್ಠಾಳ ಎಂದು ಸಾಗಿ, ನಿಜವಾದ ಹೊಲಸು ಮಾತುಗಳಿಗೆ ಬರುವಷ್ಟರಲ್ಲಿ ಬರೆಯುವವರಿಗೇ ನಾಚಿಕೆಯಾಗಿ 'ಇತ್ಯಾದಿ' ಎಂದು ಮುಗಿಸಿತ್ತು. ಹೀಗಾಗಿ ಪಟ್ಟಿಯಲ್ಲಿ ಉಳಿದದ್ದು ಹಗುರ ಪದಗಳು ಮಾತ್ರ. ಭಾರವಾದವುಗಳೆಲ್ಲ 'ಇತ್ಯಾದಿ'ಯಲ್ಲಿ ಬಚ್ಚಿಟ್ಟುಕೊಂಡವು.

ಪಟ್ಟಿ ಬಂದ ಮೇಲೆ ಯುವಜನ ಕೂಟದಲ್ಲಿ ಆದದ್ದನ್ನು ಊಹಿಸುವುದು ಕಷ್ಟವಲ್ಲ. ಹುಡುಗರು ಪಟ್ಟಿಯಲ್ಲಿಲ್ಲದ ಪದಗಳನ್ನು ಹುಡುಕಿದರು, ಅದೂ ಸತ್ಯವೇದದಲ್ಲೇ. ಕಾಲು ಎಡವಿದರೆ "ಜೆರಿಕೋ!" ಎಂದರು. ಕೆಲಸ ತಪ್ಪಿಸಿಕೊಂಡವನನ್ನು "ಎಲೈ ನೆಬೂಕದ್ನೆಚ್ಚರನೇ" ಎಂದು ಕರೆದರು. ಇದುವರೆಗೆ ಬರಿಯ ತಮಾಷೆ. ಆಮೇಲೆ ಯಾರೋ ಹಿರಿಯರಿಗೆ 'ಫರಿಸಾಯ' ಎಂದು ಹೆಸರಿಟ್ಟರು, ಯೇಸು ಕಪಟಿಗಳೆಂದು ಜರೆದ ಧಾರ್ಮಿಕ ಪಂಗಡದ ಹೆಸರದು. ಅವರು ಒಳಗೆ ಬರುವುದನ್ನು ಕಂಡು ಅದನ್ನು ಪಿಸುಗುಡುವುದು ರೂಢಿಯಾಯಿತು. ಪವಿತ್ರಗ್ರಂಥದಲ್ಲಿರುವ ಪದವನ್ನು ಯಾವ ಪಟ್ಟಿ ತಾನೇ ನಿಷೇಧಿಸೀತು? ಆದರೂ ಆ ಸಭೆಯಲ್ಲಿ ಆ ತಿಂಗಳುಗಳಲ್ಲಿ ಆಡಿದ ಮಾತುಗಳಲ್ಲೆಲ್ಲ ಅತ್ಯಂತ ದ್ವೇಷದಿಂದ ಕೂಡಿದ್ದು ಅದೊಂದೇ.

ಇನ್ನೊಂದು ಘಟನೆ ಇದೇ ಅವಧಿಯದು. ಹಾಡಿನ ತಂಡದ ಹದಿಹರೆಯದ ಹುಡುಗಿಯೊಬ್ಬಳು ಅಭ್ಯಾಸದ ವೇಳೆ ಮತ್ತೆ ಮತ್ತೆ ಶ್ರುತಿ ತಪ್ಪಿದಳು. ಹಿರಿಯರು ಎಲ್ಲರೆದುರು ಅತ್ಯಂತ ಶುದ್ಧವಾದ ಭಾಷೆಯಲ್ಲಿ, ದನಿಯನ್ನೂ ಏರಿಸದೆ, "ನಿನ್ನಿಂದ ದೇವರಿಗೆ ಏನು ಮಹಿಮೆ ಬಂದೀತಮ್ಮಾ?" ಎಂದು ಕೇಳಿದರು. ಅವಳು ಮುಂದಿನ ವಾರದಿಂದ ಹಾಡಲು ಬರಲಿಲ್ಲ. ಯಾರೂ ದೂರು ಕೊಡಲಿಲ್ಲ. ಕೊಡುವುದಾದರೂ ಯಾವ ಪದದ ಮೇಲೆ?

ನನ್ನನ್ನು ಈ ವಿಷಯಕ್ಕೆ ಕರೆದದ್ದು ಆ ಹೊತ್ತಿಗೆ. ಧಾರ್ಮಿಕ ಸಮುದಾಯಗಳೊಳಗಿನ ಭಿನ್ನಾಭಿಪ್ರಾಯಗಳಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತನಾಡಿಸುವುದು ನನ್ನ ಕೆಲಸ. ಅಯ್ಯನವರು ಫೋನಿನಲ್ಲಿ ಕೇಳಿದ್ದು, "ಪಟ್ಟಿಯನ್ನು ಸರಿಪಡಿಸಿ ಕೊಡುತ್ತೀರಾ?" ಎಂದು. ಪಟ್ಟಿಯನ್ನು ಪಕ್ಕಕ್ಕಿಟ್ಟರೆ ಬರುತ್ತೇನೆ ಎಂದೆ. ಒಪ್ಪಿದರು, ಸ್ವಲ್ಪ ನಿರಾಳವಾಗಿಯೇ.

ಎರಡನೆಯ ಯತ್ನ: ವಾಕ್ಯಗಳನ್ನು ಒಟ್ಟಿಗೆ ಓದುವುದು

ಇಂಥ ವಿವಾದಗಳಲ್ಲಿ ಇಬ್ಬರೂ ತಮಗೆ ಬೇಕಾದ ವಾಕ್ಯವನ್ನು ಮಾತ್ರ ತರುತ್ತಾರೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ನಿಲುವಿಗೆ ತೊಡಕಾಗುವ ವಾಕ್ಯವೊಂದನ್ನು ತರಬೇಕು ಎಂದು ಕೇಳಿಕೊಂಡೆ. ಈ ನಿರ್ಧಾರ ಮೊದಲ ಕೂಟದ ಹವೆಯನ್ನೇ ಬದಲಿಸಿತು.

ಯುವಕ ತಂದದ್ದು ಮತ್ತಾಯ 5:22. ಸಹೋದರನನ್ನು ಮೂರ್ಖ ಎನ್ನುವವನು ನರಕಾಗ್ನಿಗೆ ಗುರಿಯಾಗುತ್ತಾನೆ ಎಂಬ ಯೇಸುವಿನ ಮಾತು. 'ಮೂರ್ಖ' ಎಂಬುದಕ್ಕಿಂತ ಹಗುರವಾದ ಬೈಗುಳ ಯಾವುದಿದೆ? ಹಗುರವಾದ್ದರಿಂದ ಪರವಾಗಿಲ್ಲ ಎಂಬ ವಾದ ಅಲ್ಲಿಯೇ ಕುಸಿಯುತ್ತದೆ ಎಂದು ಅವನೇ ಹೇಳಿದ. ಹಿರಿಯರು ತಂದದ್ದು ಅದೇ ಸುವಾರ್ತೆಯ 23ನೆಯ ಅಧ್ಯಾಯ. ಅಲ್ಲಿ ಅದೇ ಯೇಸು ಧರ್ಮೋಪದೇಶಕರನ್ನು ಮೂರ್ಖರು, ಕುರುಡರು, ಹಾವುಗಳು, ಸರ್ಪಜಾತಿಯವರು ಎಂದು ಜರೆಯುತ್ತಾನೆ. ಲೂಕ 13:32ರಲ್ಲಿ ಹೆರೋದನನ್ನು ನರಿ ಎನ್ನುತ್ತಾನೆ. ಓದಿ ಮುಗಿಸಿ ಹಿರಿಯರು ಕನ್ನಡಕ ತೆಗೆದು, "ಇದನ್ನು ನಾನು ಪಾಠದಲ್ಲಿ ಯಾವಾಗಲೂ ಬೇಗ ದಾಟಿಸಿಬಿಡುತ್ತಿದ್ದೆ" ಎಂದರು. ಕೋಣೆಯಲ್ಲಿ ಮೊದಲ ಬಾರಿಗೆ ಎಲ್ಲರೂ ಒಟ್ಟಿಗೆ ನಕ್ಕರು.

ಆಮೇಲೆ ವಾಕ್ಯಗಳು ತಾವಾಗಿಯೇ ಬರತೊಡಗಿದವು. ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ಯೆರೆಮೀಯನೂ ಹಾಗೆಯೇ ಮಾಡುತ್ತಾನೆ. ಇಬ್ಬರನ್ನೂ ಗ್ರಂಥ ಬಾಯಿಮುಚ್ಚಿಸುವುದಿಲ್ಲ. ಯೇಸು ಸೆರೆಯಾದ ರಾತ್ರಿ ಶಿಷ್ಯ ಪೇತ್ರನು ಶಾಪ ಹಾಕಿಕೊಂಡು ಆಣೆಯಿಟ್ಟದ್ದಕ್ಕೆ ಅಳುತ್ತಾನೆ. ಆದರೆ ಅಳು ಪದಗಳಿಗಾಗಿಯೋ, ಗುರುವನ್ನು ಗೊತ್ತಿಲ್ಲ ಎಂದದ್ದಕ್ಕೋ? ಎರಡನೆಯದಕ್ಕೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ನಾನು ಸೇರಿಸಿದ್ದು 13ನೆಯ ಶತಮಾನದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸರ ವಿಚಾರವನ್ನು. ಪರರನ್ನು ಹೀಯಾಳಿಸುವ ಮಾತಿನ ಪಾಪ ಎಷ್ಟು ದೊಡ್ಡದು ಎಂದು ಚರ್ಚಿಸುವಾಗ ಅವರು ತೂಗುವುದು ಮುಖ್ಯವಾಗಿ ಆಡುವವನ ಮನಸ್ಸನ್ನು. ಎದುರಿನವನ ಮಾನ ಕಳೆಯುವ ಉದ್ದೇಶವಿದ್ದರೆ ಅದು ಘೋರ ಪಾಪ. ತಿದ್ದುವುದಕ್ಕಾಗಿಯೋ ಬರಿಯ ಹಗುರತನದಿಂದಲೋ ಆಡಿದ್ದಾದರೆ ಚಿಕ್ಕದು, ಕೆಲವೊಮ್ಮೆ ಪಾಪವೇ ಅಲ್ಲ. ಅದರ ಬೆನ್ನಿಗೇ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ವಿವೇಚನೆಯಿಲ್ಲದೆ ಆಡಿದ ಮಾತು ಉದ್ದೇಶವಿಲ್ಲದೆಯೂ ಗಾಯ ಮಾಡೀತು, ಆದ್ದರಿಂದ ಅಳೆದು ಆಡಬೇಕು. ಈ ಎಚ್ಚರಿಕೆಯನ್ನು ಆ ದಿನ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಬೇರೆ ಧರ್ಮಗಳಲ್ಲಿ ಏನಿದೆ ಎಂದು ಕೂಟದ ಒಬ್ಬ ಹುಡುಗಿ ಕೇಳಿದಾಗ ಅಯ್ಯನವರೇ ಉತ್ತರ ಕೊಟ್ಟರು. ಕುರ್‌ಆನಿನ 49:11 ಒಬ್ಬರನ್ನೊಬ್ಬರು ಗೇಲಿ ಮಾಡಬೇಡಿ, ಅಡ್ಡಹೆಸರಿಟ್ಟು ಕರೆಯಬೇಡಿ ಎನ್ನುತ್ತದೆ. ಭಗವದ್ಗೀತೆಯ 17ನೆಯ ಅಧ್ಯಾಯ, ಉದ್ವೇಗ ಹುಟ್ಟಿಸದ, ಸತ್ಯವೂ ಪ್ರಿಯವೂ ಹಿತವೂ ಆದ ಮಾತನ್ನು ವಾಙ್ಮಯ ತಪಸ್ಸು ಎನ್ನುತ್ತದೆ. ಬೌದ್ಧರ ಸಮ್ಯಕ್ ವಾಕ್ಕಿನಲ್ಲಿ ಒರಟು ಮಾತನ್ನು ಬಿಡುವುದು ಸುಳ್ಳು, ಚಾಡಿ, ಹರಟೆಗಳನ್ನು ಬಿಡುವುದರ ಜೊತೆಯಲ್ಲೇ ಬರುತ್ತದೆ. ಹುಡುಗಿ ಕೇಳಿಸಿಕೊಂಡು, "ಇವುಗಳಲ್ಲಿ ಎಲ್ಲಿಯೂ ಪದಗಳ ಪಟ್ಟಿ ಇಲ್ಲವಲ್ಲ" ಎಂದಳು. ಮಂಡಳಿಯ ಸದಸ್ಯರೊಬ್ಬರು ಕೆಮ್ಮಿದರು. 'ಅಡ್ಡಹೆಸರು' ಎಂಬಲ್ಲಿಗೆ ಬಂದಾಗ ಕೆಲವು ಹುಡುಗರು ತಲೆ ತಗ್ಗಿಸಿದ್ದನ್ನೂ ನಾನು ನೋಡಿದೆ.

ನಾಲಿಗೆಯೋ, ಹೃದಯವೋ

ಹಿರಿಯರ ಬಲವಾದ ವಾದವೊಂದು ಉಳಿದಿತ್ತು. ಹೃದಯದಲ್ಲಿ ತುಂಬಿರುವುದೇ ಬಾಯಲ್ಲಿ ಬರುತ್ತದೆ. ಒತ್ತಡದ ಗಳಿಗೆಯಲ್ಲಿ ಹೊರಬಿದ್ದದ್ದೇ ಮನುಷ್ಯನ ನಿಜವಾದ ಸ್ವರೂಪ, ಉಳಿದದ್ದು ಪಾಲಿಶ್ ಎಂಬುದು ಅವರ ನಿಲುವು. ಇದನ್ನು ಹಾಗೆಯೇ ತಳ್ಳಿಹಾಕುವಂತಿರಲಿಲ್ಲ, ಹಾಗೆಯೇ ಒಪ್ಪುವಂತೆಯೂ ಇರಲಿಲ್ಲ.

ನೋವಿನಲ್ಲಿ ಹೊರಡುವ ಬೈಗುಳದ ಬಗ್ಗೆ ಬ್ರಿಟನ್ನಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಂಜಿನಂತೆ ಕೊರೆಯುವ ನೀರಿನಲ್ಲಿ ಕೈಯಿಟ್ಟವರು ಸಾಮಾನ್ಯ ಪದವೊಂದನ್ನು ಹೇಳುತ್ತಿದ್ದಾಗಿನದಕ್ಕಿಂತ ಬೈಗುಳ ಹೇಳುತ್ತಿದ್ದಾಗ ಹೆಚ್ಚು ಹೊತ್ತು ತಾಳಿಕೊಂಡರು. 2011ರ ಮುಂದುವರಿದ ಅಧ್ಯಯನದಲ್ಲಿ, ದಿನನಿತ್ಯ ಹೆಚ್ಚು ಬೈಯುವ ಅಭ್ಯಾಸವಿದ್ದವರಿಗೆ ಈ ಲಾಭ ಕಡಿಮೆ ಎಂದು ಕಂಡಿತು. ಯುವಕನಿಗೆ ಮೊದಲನೆಯ ಸಂಗತಿ ಹಿಡಿಸಿತು, ಹಿರಿಯರಿಗೆ ಎರಡನೆಯದು. ಮದ್ದನ್ನು ದಿನವೂ ಊಟದಂತೆ ತಿಂದರೆ ಕೆಲಸ ಮಾಡುವುದಿಲ್ಲವಲ್ಲ ಎಂದರು ಅವರು.

ಇದಕ್ಕಿಂತ ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಮೆದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡ ಕೆಲವರಲ್ಲಿ ಒಂದು ವಾಕ್ಯವನ್ನು ಕಟ್ಟುವ ಶಕ್ತಿ ಹೋದರೂ, ಯೋಚಿಸದೆ ಬರುವ ಮಾತು ಉಳಿಯುತ್ತದೆ. 19ನೆಯ ಶತಮಾನದ ಬ್ರಿಟಿಷ್ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಗುರುತಿಸಿದ್ದರು. ಹಾಗೆ ಉಳಿಯುವ ಮಾತಿನಲ್ಲಿ ಬೈಗುಳವಿರುತ್ತದೆ, ಎಣಿಕೆಯಿರುತ್ತದೆ, ಬಾಯಿಪಾಠವಾದ ಪ್ರಾರ್ಥನೆಯೂ ಇರುತ್ತದೆ. ಆಂಬುಲೆನ್ಸ್‌ನ ಯುವಕ ಇದಕ್ಕೆ ತಕ್ಷಣ ತಲೆದೂಗಿದ. ಮಗಳ ಹೆಸರು ಹೇಳಲಾಗದ ವೃದ್ಧರೊಬ್ಬರು ದಾರಿಯುದ್ದಕ್ಕೂ ಒಂದು ಬೈಗುಳವನ್ನೂ ಕರ್ತನ ಪ್ರಾರ್ಥನೆಯ ಮೊದಲ ಸಾಲನ್ನೂ ಸರದಿಯಂತೆ ಹೇಳುತ್ತಿದ್ದುದನ್ನು ಅವನು ಕೇಳಿದ್ದನಂತೆ. ಯಾಕೋಬನ ಪತ್ರಿಕೆ ಹೇಳುವ ಅದೇ ಬಾಯಿ. ಆ ಬೈಗುಳ ಆ ವೃದ್ಧರ ಹೃದಯದ ಸ್ವರೂಪ ಎನ್ನುವುದಾದರೆ, ಆ ಪ್ರಾರ್ಥನೆಯೂ ಅಷ್ಟೇ ಎನ್ನಬೇಕಾಗುತ್ತದೆ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಅಭ್ಯಾಸದಿಂದ ಬಂದದ್ದಾದರೆ, ಅಭ್ಯಾಸಕ್ಕೆ ಮನುಷ್ಯ ಹೊಣೆ ಅಲ್ಲವೇ?" ಎಂದು ಕೇಳಿದರು. ನಾಲಿಗೆಗೆ ಏನನ್ನು ಬಾಯಿಪಾಠ ಮಾಡಿಸಿದ್ದೇವೆ ಎಂಬುದಕ್ಕೆ ನಾವೇ ಹೊಣೆ. ಆ ಪ್ರಶ್ನೆ ಸರಿಯಾದದ್ದು ಎಂದೇ ನಾನು ಈಗಲೂ ಭಾವಿಸುತ್ತೇನೆ.

ಈ ಕೂಟಗಳಿಂದ ಒಂದು ವಿಂಗಡಣೆ ರೂಪುಗೊಂಡಿತು. ದೇವರ ಹೆಸರನ್ನು ಅಯೋಗ್ಯವಾಗಿ ಎತ್ತುವುದು ಆಜ್ಞೆಯಲ್ಲೇ ನಿಷಿದ್ಧ, ವಿಮೋಚನಕಾಂಡ 20:7, ಅದರಲ್ಲಿ ಚರ್ಚೆಯಿಲ್ಲ. ಮನುಷ್ಯನಿಗೆ ಗುರಿಯಿಟ್ಟ ಹೀಯಾಳಿಕೆ ತಪ್ಪು, ಪದ ಹಗುರವಿರಲಿ, ಶುದ್ಧವಿರಲಿ, ವೇದದ್ದೇ ಇರಲಿ. ನೋವಿಗೋ ಯಂತ್ರಕ್ಕೋ ಹೊರಡುವ ಉದ್ಗಾರ ಪಾಪವಲ್ಲ, ಆದರೆ ಜಾಗವರಿತು ಆಡಬೇಕು. ಇದನ್ನು ಎಲ್ಲರೂ ಒಪ್ಪಿದರು. ಹುಡುಗರಿಗೆ ಬಹಳ ಖುಷಿ. ಪ್ರಕರಣ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇಷ್ಟನ್ನು ಯಾರಾದರೂ ಒಂದು ಸಂಜೆಯಲ್ಲಿ ಯೋಚಿಸಿ ಹೇಳಬಹುದು.

ತಿರುವು

ಕೆಲವು ವಾರಗಳ ಬಳಿಕ ಸಭೆಯ ಕಚೇರಿಯಲ್ಲಿ ಮುದ್ರಣಯಂತ್ರ ಕಾಗದವನ್ನು ನುಂಗಿ ನಿಂತಿತು. ಯುವಕ ಅದರ ಬಾಗಿಲು ತೆಗೆದು ಬಡಿದು, "ಈ ಮುಂಡೇದು ಯಾವತ್ತೂ ಹೀಗೆಯೇ" ಎಂದ. ಯಂತ್ರಕ್ಕೆ ಆಡಿದ ಮಾತು, ಒಪ್ಪಂದದ ಮೂರನೆಯ ಪಾಲಿನಲ್ಲಿ ಚೆನ್ನಾಗಿ ಕೂರುವಂಥದ್ದು. ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಮಹಿಳೆ ಮಾತ್ರ ಇದ್ದರು. ಐವತ್ತು ದಾಟಿದವರು. ಎಲ್ಲರಿಗೂ ಅವರು ಅಕ್ಕ. ಅವರು ಪುಸ್ತಕದಿಂದ ತಲೆಯೆತ್ತದೆ ಹೇಳಿದರಂತೆ: "ಅದು ಯಂತ್ರಕ್ಕೆ ಹೇಳಿದ್ದು ಎಂದು ಗೊತ್ತಪ್ಪ. ಆದರೆ ನನ್ನ ಗಂಡ ತೀರಿಕೊಂಡ ವರ್ಷ, ಮನೆಯವರು ನನ್ನನ್ನು ಕರೆಯುತ್ತಿದ್ದದ್ದೇ ಆ ಹೆಸರಿನಿಂದ."

ಗಂಡ ಸತ್ತವಳನ್ನು ಜರೆಯುವ ಆ ಪದ ಎಷ್ಟು ಸವೆದಿದೆಯೆಂದರೆ ಮಕ್ಕಳನ್ನು ಮುದ್ದಿನಿಂದ ಗದರುವಾಗಲೂ ಬಳಸುವವರಿದ್ದಾರೆ. ಮಂಡಳಿಯ ಪಟ್ಟಿಯಲ್ಲಿ ಅದು ಇರಲಿಲ್ಲ. ಹೊಲಸು ಎನಿಸುವಷ್ಟು ಭಾರವೂ ಅಲ್ಲ, ಗಮನಕ್ಕೆ ಬರುವಷ್ಟು ಒರಟೂ ಅಲ್ಲ. ಹಿರಿಯರೇ ಹಾಗೆ ಅಂದದ್ದನ್ನು ತಾನು ಕೇಳಿದ್ದೇನೆ ಎಂದು ಆಮೇಲೆ ಒಬ್ಬರು ಹೇಳಿದರು. ಹಿರಿಯರು ಅಲ್ಲಗಳೆಯಲಿಲ್ಲ.

ನಮ್ಮ ವಿಂಗಡಣೆ ಆಡುವವನ ಕಡೆಯಿಂದ ಮಾತ್ರ ಮಾಡಿದ್ದಾಗಿತ್ತು. ಗುರಿ ಯಾರು, ಉದ್ದೇಶ ಏನು ಎಂದು ಕೇಳಿದ್ದೆವು. ಪದ ಎಲ್ಲಿಂದ ಬಂದಿದೆ, ಯಾರ ಮೈಮೇಲೆ ಮೊದಲು ಬಿದ್ದಿತ್ತು ಎಂದು ಕೇಳಿರಲಿಲ್ಲ. ಯಂತ್ರವನ್ನು ಬೈಯಲು ವಿಧವೆಯೊಬ್ಬಳ ಅವಮಾನವನ್ನು ಎರವಲು ತಂದದ್ದು ಆ ಯಂತ್ರಕ್ಕೆ ತಾಗದಿರಬಹುದು. ಪಕ್ಕದಲ್ಲಿ ಕುಳಿತವರಿಗೆ ತಾಗಿತು. ಜಾತಿಯ ಹೆಸರನ್ನೋ ಅಂಗವೈಕಲ್ಯವನ್ನೋ ಬೈಗುಳವಾಗಿಸಿಕೊಂಡ ಎಷ್ಟೋ ಮಾತುಗಳಿಗೆ ಇದೇ ಕಥೆ. ಆ ವಾರದ ಕೂಟದಲ್ಲಿ ಯುವಕ ತಾನಾಗಿಯೇ ವಿಮೋಚನಕಾಂಡ 22:22ನ್ನು ಓದಿದ: ವಿಧವೆಯನ್ನೂ ಅನಾಥರನ್ನೂ ಬಾಧಿಸಬಾರದು. ಹಿರಿಯರು ಯಾಜಕಕಾಂಡ 19:14ನ್ನು ಓದಿದರು: ಕಿವುಡನನ್ನು ಶಪಿಸಬಾರದು.

ಈ ಎರಡು ವಾಕ್ಯಗಳನ್ನು ಎದುರುಬದುರು ಇಟ್ಟಾಗ ಇಡೀ ಪ್ರಕರಣ ನನಗೆ ಬೇರೆಯಾಗಿ ಕಂಡಿತು. ಕಿವುಡನಿಗೆ ಶಾಪ ಕೇಳಿಸುವುದಿಲ್ಲ, ಅವನಿಗೆ ನೋವಾಗುವುದಿಲ್ಲ, ಆದರೂ ತಪ್ಪು. ಹಾಗಾಗಿ ಯಾರಿಗೂ ನೋವಾಗಲಿಲ್ಲ ಎಂಬುದು ಸಮರ್ಥನೆಯಲ್ಲ. ಅಕ್ಕನಿಗೆ ಯಾರೂ ಬೈಯಲಿಲ್ಲ, ಆದರೂ ನೋವಾಯಿತು. ಹಾಗಾಗಿ ಉದ್ದೇಶವಿರಲಿಲ್ಲ ಎಂಬುದೂ ಪೂರ್ತಿ ಸಮರ್ಥನೆಯಲ್ಲ. 'ಹಗುರ' ಎಂದು ನಾವು ಪದವನ್ನು ತೂಗುವುದು ನಮ್ಮ ನಾಲಿಗೆಯ ಮೇಲೆ, ಅದು ಬೀಳುವುದು ಬೇರೆಯವರ ಮೇಲೆ. ಭಕ್ತರಿಗೆ ಹಗುರ ಬೈಗುಳ ತಪ್ಪೇ ಎಂದು ಈಗ ನನ್ನನ್ನು ಕೇಳಿದರೆ, 'ಥೂ' ಎಂದವನನ್ನೂ 'ಹಾಳಾದ್ದು' ಎಂದವನನ್ನೂ ನಾನು ಪಾಪಿ ಎನ್ನುವುದಿಲ್ಲ. ಆದರೆ ಪದ ಹಗುರವೋ ಅಲ್ಲವೋ ಎಂದು ತೀರ್ಮಾನಿಸುವ ಹಕ್ಕನ್ನು ಆಡುವವನೊಬ್ಬನ ಕೈಯಲ್ಲಿ ಬಿಡುವುದೂ ಇಲ್ಲ.

ಪರಿಣಾಮ

ಪಟ್ಟಿಯನ್ನು ಮಂಡಳಿ ಔಪಚಾರಿಕವಾಗಿ ಹಿಂತೆಗೆದುಕೊಂಡಿತು. ಅದರ ಬದಲಿಗೆ ಬಂದದ್ದು ನಡಾವಳಿಯ ಒಂದು ಒಪ್ಪಂದ: ಮಾತು ಯಾರಿಗೆ ತಾಗಿತೋ ಅವರು ಆಡಿದವನ ಬಳಿ ನೇರವಾಗಿ ಹೇಳಬಹುದು, ಕೇಳಿಸಿಕೊಂಡವನು ಮೊದಲು 'ನನ್ನ ಉದ್ದೇಶ ಅದಲ್ಲ' ಎಂದು ವಾದಿಸಬಾರದು, ಮಂಡಳಿಗೆ ಪತ್ರ ಬರೆಯುವುದು ಆಮೇಲಿನ ಮಾತು. ಸಹೋದರ ತಪ್ಪು ಮಾಡಿದರೆ ಮೊದಲು ನೀನು ಅವನು ಇಬ್ಬರೇ ಇರುವಾಗ ಹೇಳು ಎನ್ನುವ ಮತ್ತಾಯ 18:15ರ ಕ್ರಮವೇ ಇದು. ಅಕ್ಕ ಮಾಡಿದ್ದೂ ಅದನ್ನೇ, ಯಾರ ಸಲಹೆಯನ್ನೂ ಕೇಳದೆ. ಮೊದಲ ಭಾನುವಾರವೇ ಹಿರಿಯರು ಹೀಗೆ ಮಾಡಿದ್ದರೆ ಪಟ್ಟಿಯೂ ಬರುತ್ತಿರಲಿಲ್ಲ, 'ಫರಿಸಾಯ'ನೂ ಹುಟ್ಟುತ್ತಿರಲಿಲ್ಲ.

ನಾಯಕತ್ವದ ಪ್ರಶ್ನೆಯನ್ನು ಯುವಕನೇ ಬಗೆಹರಿಸಿದ. ಕೂಟವನ್ನು ನಡೆಸುವುದನ್ನು ಮುಂದುವರಿಸಿದ, ಆರಾಧನೆಯನ್ನು ಆರಂಭಿಸುವ ಪ್ರಾರ್ಥನೆಯಿಂದ ಕೆಲವು ಕಾಲ ದೂರ ಉಳಿದ. ಅವನು ಉಲ್ಲೇಖಿಸಿದ್ದು 1 ಕೊರಿಂಥದವರಿಗೆ 8ನೆಯ ಅಧ್ಯಾಯವನ್ನು. ತನಗೆ ಸ್ವಾತಂತ್ರ್ಯವಿರುವ ವಿಷಯವೂ ಇನ್ನೊಬ್ಬನ ಮನಸ್ಸಾಕ್ಷಿಗೆ ಎಡವುಗಲ್ಲಾಗುವುದಾದರೆ ಅದನ್ನು ಬಿಟ್ಟುಕೊಡುತ್ತೇನೆ ಎಂದು ಪೌಲ ಹೇಳುವ ಭಾಗ ಅದು. ಈ ಅಧ್ಯಾಯವನ್ನು ಬೇರೆಯವರ ಬಾಯಿ ಕಟ್ಟಲು ಬಳಸುವವರನ್ನು ನಾನು ಬಹಳ ನೋಡಿದ್ದೇನೆ. ತನ್ನ ಬಾಯಿಗೆ ತಾನೇ ಅನ್ವಯಿಸಿಕೊಂಡವರು ಅಪರೂಪ. ಆಂಬುಲೆನ್ಸ್‌ನಲ್ಲಿ ಅವನ ಮಾತು ಹಳೆಯ ಹಾಗೆಯೇ ಇದೆ, ಅದನ್ನು ಅವನು ಮುಚ್ಚಿಡುವುದಿಲ್ಲ.

ಹುಡುಗರು ಅಡ್ಡಹೆಸರಿಗಾಗಿ ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದರು. ಹಿರಿಯರು ಹಾಡಿನ ಹುಡುಗಿಯ ಮನೆಗೆ ಹೋದರು. ಅವಳು ಮರ್ಯಾದೆಯಿಂದ ಮಾತನಾಡಿ ಕಳುಹಿಸಿದಳು, ತಂಡಕ್ಕೆ ಮರಳಲಿಲ್ಲ. ಈಗ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ, ಹಾಡುವುದಿಲ್ಲ.

ಹಿರಿಯರು ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಆದರೆ ಯಂತ್ರಕ್ಕೆ ಆಡಿದರೂ ಬೈಗುಳ ಬೈಗುಳವೇ, ಭಕ್ತನ ಬಾಯಿಗೆ ಅದು ತರವಲ್ಲ ಎಂಬ ತಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದು ಬರೆಸಿದ್ದಾರೆ. ಅದನ್ನು ಅಳಿಸುವಂತೆ ಯಾರೂ ಕೇಳಲಿಲ್ಲ. ಅವರ ಆಕ್ಷೇಪವೂ ಅದೇ ಹಾಳೆಯಲ್ಲಿ, ಸಹಿಯ ಕೆಳಗೆ ದಾಖಲಾಗಿದೆ.